ತಂತಿಯಿಲ್ಲದ ಡಬ್ಬಿ

ಆ ಹೋಟೆಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರಿಗೂ ಅವನು ತಂಪಣ್ಣ. ಕಟ್ಟಡದ ಎಸಿ ಯಂತ್ರಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ತಾನು ತಾರಸಿಯ ಮೇಲೆ ಬೆಂದು ಕೆಳಗಿನವರನ್ನು ತಣ್ಣಗಿಡುವ ಕೆಲಸ ಅದು. ಎಲ್ಲ ಸರಿಯಿದ್ದಾಗ ಹೀಗೊಬ್ಬ ಇದ್ದಾನೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಸ್ವಲ್ಪ ಸೆಕೆಯಾದರೆ ಸಾಕು, ಅವನ ಫೋನು ಬಾಯಿ ಬಡಿದುಕೊಳ್ಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಬಡಿದುಕೊಳ್ಳುತ್ತಿದ್ದದ್ದು ನೆಲಮಾಳಿಗೆಯ ಹೊಲಿಗೆ ಕೋಣೆಯಿಂದ. ಹರಿದ ಬೆಡ್‌ಶೀಟು, ದಿಂಬಿನ ಚೀಲ, ಅಡುಗೆಯವರ ಅಂಗಿ, ಎಲ್ಲವೂ ಅಲ್ಲಿಗೆ ಬಂದು ಹೊಲಿಗೆ ಬಿದ್ದು, ಇಸ್ತ್ರಿಯಾಗಿ ಮೇಲೆ ಹೋಗಬೇಕು. ತಣ್ಣನೆ ಗಾಳಿ ಸಾಗಿಸುವ ಡಕ್ಟು ಇಡೀ ಕಟ್ಟಡ ಸುತ್ತಿ ಕೊನೆಗೆ ಆ ಕಿಟಕಿಯಿಲ್ಲದ ಕೋಣೆಗೆ ಬರುವಷ್ಟರಲ್ಲಿ ಗಾಳಿಗೇ ಉಸಿರು ಕಟ್ಟಿರುತ್ತಿತ್ತು. ಸರಿ ಮಾಡಬೇಕೆಂದರೆ ಗೋಡೆ ಒಡೆಯಬೇಕು. ಒಡೆಸುವ ಅಧಿಕಾರ ತಂಪಣ್ಣನಿಗಿರಲಿಲ್ಲ, ಮನಸ್ಸು ಮ್ಯಾನೇಜರಿಗಿರಲಿಲ್ಲ. ದಿನಾ ಫೋನು ಬರುವುದು, ದಿನಾ ಇವನು ಮೆಟ್ಟಿಲಿಳಿದು ಹೋಗಿ ನೋಡ್ತೀನಿ ಅನ್ನುವುದು. ಕೊನೆಗೆ ರೋಸಿಹೋಗಿ, ತನಗೆ ಕಸುಬು ಕಲಿಸಿದ ಮೇಸ್ತ್ರಿಯ ಹಳೇ ಉಪಾಯಕ್ಕೆ ಕೈಹಾಕಿದ.

ಕೆಟ್ಟು ಮೂಲೆಗೆ ಬಿದ್ದಿದ್ದ, ತಂಪು ಏರಿಳಿಸುವ ಥರ್ಮೋಸ್ಟಾಟೊಂದರ ಡಬ್ಬಿಯನ್ನು ಒರೆಸಿ ಹೊಳಪು ಬರಿಸಿ, ಆ ಕೋಣೆಯ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ. ಮುಂದೆ ಅಂಕಿಗಳು, ತಿರುಗಿಸುವ ಗುಂಡಿ, ತಿರುಗಿಸಿದರೆ ಟಿಕ್ ಎನ್ನುವ ಸದ್ದು. ಹಿಂದೆ ಒಂದೇ ಒಂದು ತಂತಿಯಿಲ್ಲ. ಇನ್ನು ಮೇಲೆ ತಂಪು ನಿಮ್ಮ ಕೈಯಲ್ಲೇ ಇದೆ, ಬಾಗಿಲು ಮಾತ್ರ ಮುಚ್ಚಿರಬೇಕು, ಇಲ್ಲದಿದ್ದರೆ ಸೋರಿ ಹೋಗುತ್ತೆ ಎಂದು ಗಂಭೀರ ಮುಖ ಮಾಡಿಕೊಂಡು ಹೇಳಿ ಬಂದ. ದೂರು ನಿಂತೇ ಹೋಯಿತು. ಕೈಗೊಂದು ಆಟಿಕೆ ಸಿಕ್ಕರೆ ಅರ್ಧ ಸೆಕೆ ಹೋಗುತ್ತದೆಂದು ಮೇಸ್ತ್ರಿ ಹೇಳಿದ್ದು ಸುಳ್ಳಾಗಲಿಲ್ಲ. ತಂಪಣ್ಣನೂ ಹೋಟೆಲಿನ ಎಲೆಕ್ಟ್ರಿಷಿಯನ್ನೂ ಚಹಾ ಕುಡಿಯುತ್ತ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಅತ್ತಿಗೆಯನ್ನು ಹೊಲಿಗೆ ಕೋಣೆಗೆ ಹಾಕಿದ ದಿನ ಆ ನಗು ಇಂಗಿತು.

ಅತ್ತಿಗೆ ಎಂದರೆ ಅವನ ಅಣ್ಣನ ಹೆಂಡತಿ. ಇವನಿಗಿನ್ನೂ ಮೀಸೆ ಚಿಗುರದ ಕಾಲಕ್ಕೆ ಆ ತಾಯಿಯಿಲ್ಲದ ಮನೆಗೆ ಬಂದವಳು. ಇವನಿಗೆ ಬಡಿಸಿ, ಬೈದು, ಓದು ತಲೆಗೆ ಹತ್ತದಾಗ ಕಸುಬಿಗೆ ಹಚ್ಚಿದವಳೂ ಅವಳೇ. ಈಗಲೂ ಎಲ್ಲರೂ ಒಂದೇ ಮನೆಯಲ್ಲಿದ್ದರು. ಅದೇ ಹೋಟೆಲಿನಲ್ಲಿ ರೂಮು ಗುಡಿಸಿಕೊಂಡಿದ್ದ ಅವಳಿಗೆ ಮಂಡಿನೋವು ಜಾಸ್ತಿಯಾಗಿ, ಕೂತು ಮಾಡುವ ಕೆಲಸವೆಂದು ಕೆಳಗೆ ಕಳಿಸಿದ್ದರು. ಮೊದಲ ದಿನವೇ ಅವಳು ಗೋಡೆಯ ಡಬ್ಬಿ ನೋಡಿ, ಇದು ನಮ್ಮ ಮೈದುನ ಹಾಕಿದ್ದು ಎಂದು ಕೋಣೆಗೆಲ್ಲ ಸಾರಿದಳು. ಅಂದಿನಿಂದ ಗುಂಡಿಯ ಯಜಮಾನಿಕೆ ಅವಳದಾಯಿತು. ಬೇರೆ ಯಾರಾದರೂ ಮುಟ್ಟಲು ಹೋದರೆ, ಹಾಗೆ ಸಿಕ್ಕಾಪಟ್ಟೆ ತಿರುಗಿಸಬೇಡಿ, ನಯವಾಗಿ ತಿರುಗಿಸಬೇಕು ಅನ್ನುತ್ತಿದ್ದಳು.

ಅಂದೇ ಹೇಳಿಬಿಡಬೇಕಿತ್ತು. ಹೇಳಬೇಕೆಂದುಕೊಂಡೇ ಅವನು ಮನೆಗೂ ಹೋದ. ಆದರೆ ಊಟಕ್ಕೆ ಕೂತಾಗ ಅವಳು ಅಣ್ಣನಿಗೆ, ಒಂದೆರಡು ಅಂಕಿ ಕೆಳಗಿಳಿಸಿದೆ ನೋಡಿ, ಐದೇ ನಿಮಿಷಕ್ಕೆ ಮೈಯೆಲ್ಲ ತಣ್ಣಗಾಯ್ತು ಎಂದು ವರ್ಣಿಸುತ್ತಿದ್ದಳು. ಅಣ್ಣ ಹೆಮ್ಮೆಯಿಂದ ತಮ್ಮನ ಕಡೆ ನೋಡಿದ. ತಮ್ಮ ತಟ್ಟೆಯ ಕಡೆ ನೋಡಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಇಂಥ ನಾಳೆಗಳಿಗೆ ಬರವೇ ಇಲ್ಲವಲ್ಲ.

ಅಷ್ಟರಲ್ಲಿ ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ಆ ಊರು ಕಂಡಿರಲಿಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ತಾರಸಿಯಲ್ಲಿ ಒಂದು ಗಳಿಗೆ ಇಟ್ಟ ಸ್ಪ್ಯಾನರನ್ನು ಬಟ್ಟೆ ಸುತ್ತದೆ ಎತ್ತುವಂತಿರಲಿಲ್ಲ. ಬಿಸಿ ಹೊರಗೆ ಉಗುಳಬೇಕಾದ ಯಂತ್ರಗಳು, ಹೊರಗೇ ಅದಕ್ಕಿಂತ ಬಿಸಿ ಕಂಡು ಕೈಚೆಲ್ಲಿ ಆಫ್ ಆಗುತ್ತಿದ್ದವು. ತಂಪಣ್ಣ ಪೈಪು ಹಿಡಿದು ಅವುಗಳ ಸುರುಳಿಗಳಿಗೆ ನೀರು ಹೊಡೆದು, ಧೂಳು ತೊಳೆದು, ಮತ್ತೆ ಚಾಲೂ ಮಾಡುತ್ತಿದ್ದ. ತಿರುಗಿ ಮೆಟ್ಟಿಲ ತನಕ ಬರುವಷ್ಟರಲ್ಲಿ ಇನ್ನೊಂದು ಮಲಗಿರುತ್ತಿತ್ತು.

ಆ ವಾರವೇ ಹೋಟೆಲಿನ ದೊಡ್ಡ ಹಾಲಿನಲ್ಲಿ ಯಾವುದೋ ಕಂಪನಿಯವರ ಸಭೆ. ಹಾಲು ತಣ್ಣಗಿರಲೇಬೇಕು, ಎಲ್ಲಿಂದ ತರುತ್ತೀಯೋ ತಾ ಎಂದ ಮ್ಯಾನೇಜರ್. ತಂಪನ್ನು ಎಲ್ಲಿಂದ ತರುವುದು? ಒಬ್ಬರದು ಕಿತ್ತು ಇನ್ನೊಬ್ಬರಿಗೆ ಕೊಡಬೇಕು, ಅಷ್ಟೆ. ಡಕ್ಟಿನೊಳಗೆ ಅಲ್ಲಲ್ಲಿ ಡ್ಯಾಂಪರ್ ಎಂಬ ತಗಡಿನ ಬಾಗಿಲಿರುತ್ತದೆ. ಸಭೆಯ ದಿನ ಬೆಳಿಗ್ಗೆ ಅವನು ಹಿಡಿ ತಿರುಗಿಸಿ ನೆಲಮಾಳಿಗೆಯ ಕಡೆಯ ಡ್ಯಾಂಪರನ್ನು ಪೂರ್ತಿ ಮುಚ್ಚಿದ. ಸಭೆ ಮುಗಿಯುವ ತನಕ ಮಾತ್ರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಫೋನು ಮಾಡಿ ಬಾಗಿಲು ತೆರೆದಿಟ್ಟುಕೊಳ್ಳಿ ಎಂದಿದ್ದರೂ ಸಾಕಿತ್ತು, ಹೊರಗಿನ ಓಣಿಯಲ್ಲಿ ಮೆಟ್ಟಿಲ ಕಡೆಯಿಂದ ಒಂದಿಷ್ಟು ಗಾಳಿಯಾಡುತ್ತಿತ್ತು. ಯಾಕೆ ಎಂದು ಅತ್ತಿಗೆ ಕೇಳಿದರೆ? ಆ ಪ್ರಶ್ನೆಗೆ ಹೆದರಿ ಫೋನನ್ನು ಜೇಬಿಗಿಳಿಸಿದ.

ಮಧ್ಯಾಹ್ನ ಫೋನು ಅಲ್ಲಿಂದಲೇ ಬಂತು.

ಅವನು ಓಡಿ ಹೋಗುವಷ್ಟರಲ್ಲಿ, ಸೆಕೆಗೆ ತಲೆ ತಿರುಗಿ ಬಿದ್ದಿದ್ದ ಇಸ್ತ್ರಿ ಮಾಡುವಾಕೆಯನ್ನು ಓಣಿಯಲ್ಲಿ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು. ಕಣ್ಣು ಬಿಟ್ಟಿದ್ದಳು, ಗುಟುಕು ನೀರೂ ಕುಡಿದಿದ್ದಳು. ಮ್ಯಾನೇಜರ್ ಆಗಲೇ ಬಂದು ನಿಂತಿದ್ದ. ಕೋಣೆಯ ಬಾಗಿಲಲ್ಲಿ ಕಾಲಿಟ್ಟ ತಂಪಣ್ಣನ ಮುಖಕ್ಕೆ ಝಳ ಬಡಿಯಿತು. ಆ ಬೇಗೆಯಲ್ಲಿ ಇವರೆಲ್ಲ ಬೆಳಗಿನಿಂದ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ತೆರೆಯೋಣವೆಂದು ಇಸ್ತ್ರಿಯಾಕೆ ಎರಡು ಸಲ ಎದ್ದಿದ್ದಳಂತೆ. ಅತ್ತಿಗೆಯೇ ತಡೆದು, ತಂಪು ಸೋರಿ ಹೋಗುತ್ತೆ, ಗುಂಡಿ ಇಳಿಸಿದ್ದೀನಿ, ಇನ್ನೇನು ಬಂತು ತಾಳು ಎಂದು ಕೂರಿಸಿದ್ದಳಂತೆ. ಗುಂಡಿ ಕೊಟ್ಟಕೊನೆಯ ಅಂಕಿಯಲ್ಲಿ ನಿಂತಿತ್ತು.

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಈ ಗುಂಡಿಗೆ ಕೈ ಹಾಕುತ್ತಿದ್ದವರು ಯಾರು ಎಂದು ಮ್ಯಾನೇಜರ್ ಕೇಳಿದ.

"ನಾನೇ ಸಾರ್" ಎಂದಳು. "ಜೋರಾಗಿ ತಿರುಗಿಸಿಬಿಟ್ಟೆ ಅನ್ಸುತ್ತೆ, ಅದಕ್ಕೇ ಕೆಟ್ಟುಹೋಗಿದೆ. ಹಾಕಿದವರದ್ದೇನೂ ತಪ್ಪಿಲ್ಲ."

ಗೊತ್ತಿಲ್ಲದವರು ಮುಟ್ಟಿದರೆ ಹೀಗೇ ಆಗುವುದೆಂದು ಮ್ಯಾನೇಜರ್ ಗೊಣಗಿದ. ಮೂಲೆಯ ಮಿಷನ್ನಿನ ಹೆಂಗಸು ಅತ್ತಿಗೆಯನ್ನು ಕೆಕ್ಕರಿಸಿ ನೋಡಿ ಮುಖ ತಿರುಗಿಸಿದಳು. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮ್ಯಾನೇಜರಿಗೆ ಒಂದು ಕಾರಣ ಸಿಕ್ಕಿತ್ತು, ಇವನ ತಲೆಗೆ ಏನೂ ಸುತ್ತಿಕೊಳ್ಳುತ್ತಿರಲಿಲ್ಲ. ಒಂದು ಕ್ಷಣ ತಂಪಣ್ಣ ಸುಮ್ಮನಿದ್ದದ್ದೂ ನಿಜ. ಆಮೇಲೆ ಜನ್ಮವಿಡೀ ಅವನನ್ನು ತಿಂದದ್ದು ಆ ಒಂದು ಕ್ಷಣವೇ. ಅತ್ತಿಗೆ ಅವನತ್ತ ತಿರುಗಿ, ಮ್ಯಾನೇಜರಿಗೆ ಕೇಳಿಸದಂತೆ, "ನಿನ್ನ ಹೆಸರು ಕೆಡಿಸಿಬಿಟ್ಟೆ ಕಣೋ" ಎಂದಳು.

ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಕೈ ಬೆವರಿ ಎರಡು ಸಲ ಜಾರಿತು. ಡಬ್ಬಿಯನ್ನು ಗೋಡೆಯಿಂದ ಬಿಚ್ಚಿ ಎಲ್ಲರಿಗೂ ಕಾಣುವಂತೆ ತಿರುವಿ ಹಿಡಿದ. ಅದರ ಹಿಂದೆ ಏನೂ ಇರಲಿಲ್ಲ. ಗೋಡೆಯಲ್ಲಿ ಸ್ಕ್ರೂವಿನ ತೂತುಗಳು, ಸುಣ್ಣ ಮಾಸದ ಚೌಕ, ಅಷ್ಟೆ.

"ಇದು ಕೆಟ್ಟಿಲ್ಲ ಸಾರ್. ಕೆಡೋಕೆ ಇದರಲ್ಲಿ ಏನೂ ಇಲ್ಲ. ಇಲ್ಲಿನವರು ದೂರು ಹೇಳಬಾರದು ಅಂತ ಸುಮ್ನೆ ಅಂಟಿಸಿದ್ದೆ ಅತ್ತಿಗೆ. ಇವತ್ತು ಬೆಳಿಗ್ಗೆ ಬರ್ತಿದ್ದ ಗಾಳೀನೂ ನಾನೇ ಮುಚ್ಚಿದ್ದು, ಮೇಲಿನ ಹಾಲಿಗೆ ಬೇಕು ಅಂತ."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಸಂಜೆ ನನ್ನ ರೂಮಿಗೆ ಬಾ ಎಂದು ಹೇಳಿ ಹೊರಟುಹೋದ. ಅತ್ತಿಗೆ ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಗುಂಡಿಯನ್ನು ಒಮ್ಮೆ ತಿರುಗಿಸಿದಳು. ಟಿಕ್ ಎಂದಿತು.

"ತಣ್ಣಗಾಗ್ತಿತ್ತಲ್ಲೋ" ಎಂದಳು.

"ಇಲ್ಲ ಅತ್ತಿಗೆ. ಯಾವತ್ತೂ ಆಗಿಲ್ಲ."

"ನನಗೆ ಆಗ್ತಿತ್ತು. ನೀನು ಹಾಕಿದ್ದು ಅಂತ ಆಗ್ತಿತ್ತು."

ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಲೆ ಎತ್ತಲಾಗದೆ ಮೆಟ್ಟಿಲು ಹತ್ತಿ ಹೋಗಿ, ನೆಲಮಾಳಿಗೆಯ ಡ್ಯಾಂಪರನ್ನು ಪೂರ್ತಿ ತೆರೆದು, ಹಾಲಿನ ಕಡೆಯದನ್ನು ಮುಚ್ಚಿದ. ಹಾಲಿನ ಸಭೆ ಬೆವರಲಿ ಎಂದುಕೊಂಡ. ಆ ಧೈರ್ಯ ಬೆಳಿಗ್ಗೆಯೇ ಬರಬಾರದಿತ್ತೇ?

ತಿರುಗಿ ಬಂದಾಗ ಯಾರೋ ಬಾಗಿಲನ್ನು ಹಾರುಹೊಡೆದು, ಮುಚ್ಚದಂತೆ ಬಟ್ಟೆಗಂಟು ಅಡ್ಡವಿಟ್ಟಿದ್ದರು. ಇಸ್ತ್ರಿಯಾಕೆ ಎದ್ದು ಕೂತಿದ್ದಳು. ಅತ್ತಿಗೆ ಮಂಡಿನೋವಿನಲ್ಲೇ ಸ್ಟೂಲು ಹತ್ತಿ ನಿಂತು, ಡಕ್ಟಿನ ಜಾಲರಿಗೆ ಅಂಗೈ ಒಡ್ಡಿದ್ದಳು. ಈಗ ನಿಜವಾಗಿಯೇ ತಣ್ಣನೆ ಗಾಳಿ ಬರುತ್ತಿತ್ತು, ಅವಳ ಹಣೆಯ ಕೂದಲು ಸಣ್ಣಗೆ ಅಲುಗುತ್ತಿತ್ತು. ಬರ್ತಿದೆಯಾ ಅತ್ತಿಗೆ ಎಂದು ಅವನು ಕೇಳಿದ.

ಅವಳು ಅವನ ಕಡೆ ನೋಡಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸ್ಟೂಲಿನಿಂದ ನಿಧಾನವಾಗಿ ಇಳಿದಳು. ತನ್ನನ್ನು ಕೆಕ್ಕರಿಸಿ ನೋಡಿದ್ದ ಮೂಲೆಯ ಹೆಂಗಸನ್ನು ಕರೆದು, "ನೀನೊಂದ್ಸಲ ಕೈ ಇಟ್ಟು ನೋಡಮ್ಮ" ಎಂದಳು. "ಬರ್ತಿದೆಯೋ ಇಲ್ವೋ, ನನ್ನ ಕೈಗೆ ಗೊತ್ತಾಗಲ್ಲ."