ಅಂಜಮ್ಮನ ಮರದ ನೆರಳು

ಬಸವನಗುಡಿಯಲ್ಲಿ ನಮ್ಮ ಎದುರು ಮನೆ ಅಂಜಮ್ಮನವರದು. ಮದುವೆಯಾಗಿ ಬಂದ ವರ್ಷ ಅವರೇ ನೆಟ್ಟ ತೆಂಗಿನಮರ ಹಿತ್ತಲಲ್ಲಿತ್ತು. ಅವರಿಗೂ ಪಕ್ಕದ ಮನೆ ಮೂರ್ತಿಯವರಿಗೂ ನಡುವೆ ಹಿತ್ತಲಲ್ಲಿ ಗೋಡೆಯಿರಲಿಲ್ಲ, ಜಗಳವೂ ಇರಲಿಲ್ಲ. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಮೂರ್ತಿಯವರ ಮಗಳು ಬಾಣಂತನಕ್ಕೆ ಬಂದಳು ನೋಡಿ, ಕೂಸು ಮಲಗಿಸಿದ ಕೋಣೆ ಮರದ ಕಡೆಗೇ. ಗಾಳಿಗೆ ಮರ ಬಿದ್ದರೆ ಗತಿಯೇನು ಅಂತ ಮೂರ್ತಿಯವರಿಗೆ ನಿದ್ದೆ ಹಾರಿತು. ತಾತ ಆದವರಿಗೆ ಸಹಜವೇ. ಬಿದ್ದರೂ ಕೋಣೆ ಮುಟ್ಟೋದಿಲ್ಲ ಅಂತ ಯಾರಾದರೂ ತೋರಿಸಿದರೆ ಸರಿ, ಇಲ್ಲದಿದ್ದರೆ ಶುಕ್ರವಾರ ನಾಲ್ಕಕ್ಕೆ ಕಡಿಯೋನು ಬರ್ತಾನೆ ಅಂದರು. ಅಂಜಮ್ಮ ಒಪ್ಪಿದರು. ಆಮೇಲೆ ಅವರಿಗೆ ಊಟ ಸೇರಲಿಲ್ಲ. ಮರ ಹತ್ತಿಸಿ ಅಳೆಸೋಣವೆಂದರೆ ಕಾಯಿ ಕೀಳೋನು ಊರಿಗೆ ಹೋಗಿದ್ದ.

ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದ ರಟ್ಟು ಕಿತ್ತ ಪುಸ್ತಕವೊಂದರಲ್ಲಿ ನಾನು ಓದಿದ್ದೆ: ಎರಡೂವರೆ ಸಾವಿರ ವರ್ಷದ ಹಿಂದೆ ಥೇಲ್ಸ್ ಅನ್ನೋ ಗ್ರೀಕ್ ಪಂಡಿತ, ನೆಟ್ಟ ಕೋಲಿನ ನೆರಳು ಕೋಲಿನಷ್ಟೇ ಉದ್ದವಾಗೋವರೆಗೆ ಕಾದು, ಆ ಗಳಿಗೆಯಲ್ಲಿ ಪಿರಮಿಡ್ಡಿನ ನೆರಳು ಅಳೆದನಂತೆ. ಆಗ ನೆರಳೆಷ್ಟೋ ಎತ್ತರವೂ ಅಷ್ಟೇ.

ಶುಕ್ರವಾರ ಕೋಲು ಹಿಡಿದು ಹೋದರೆ, ಹನ್ನೆರಡರವರೆಗೂ ರಾಹುಕಾಲ, ಕಳೀಲಿ ಅಂತ ಅಂಜಮ್ಮ ಕೂರಿಸಿದರು. ಕಳೆದ ಮೇಲೆ ನೆಟ್ಟರೆ ಕೋಲಿಗೆ ನೆರಳೇ ಇಲ್ಲ. ಏಪ್ರಿಲ್ ಕೊನೆಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿ ಮೇಲಿರ್ತಾನೆ ಅಂತ ನನಗೆ ಹೊಳೆದೇ ಇರಲಿಲ್ಲ.

"ಏನ್ ವರದರಾಜ್, ನಿಮ್ಮ ಪಂಡಿತ ಬೆಂಗಳೂರು ಕಡೆ ಬಂದೇ ಇರ್ಲಿಲ್ಲ ಅನ್ಸುತ್ತೆ," ಅಂದರು ಮೂರ್ತಿ.

ಕಾದೆವು. ನೆರಳು ಪೂರ್ವಕ್ಕೆ, ಕೂಸಿನ ಕೋಣೆಯ ಕಡೆಗೇ ತೆವಳತೊಡಗಿತು. ಮೂರು ದಾಟಿದಾಗ, ಈಗ ಯಮಗಂಡಕಾಲ ಅಲ್ವೇನಮ್ಮ ಅಂತ ಮೂರ್ತಿಯವರೇ ನೆನಪಿಸಿದರು.

"ನಾಲ್ಕಕ್ಕೆ ಕೊಡಲಿ ಹಿಡ್ಕೊಂಡು ಬರೋನು ಯಮ ಅಲ್ದೆ ಇನ್ನೇನು? ನೀನು ನೋಡಪ್ಪ ವರದ," ಅಂದರು ಅಂಜಮ್ಮ.

ಕೋಲೂ ನೆರಳೂ ಸಮವಾದಾಗ ಕೂಗಿದೆ. ಮರದ ನೆರಳಿನ ತುದಿ ಬಟ್ಟೆ ಒಗೆಯೋ ಕಲ್ಲಿನ ಬುಡದಲ್ಲಿತ್ತು. ಮರ ಬಿದ್ದರೂ ಅಲ್ಲಿಗೇ. ಕಲ್ಲಿನಿಂದ ಕೋಣೆ ಗೋಡೆವರೆಗೆ ಮೂರ್ತಿ ನಡೆದು ನೋಡಿದರು, ವಾಪಸ್ ಬಂದು ಮತ್ತೆ ನಡೆದರು.

"ಇರ್ಲಿ ಬಿಡೀಮ್ಮ ಮರ," ಅಂದರು.

ಸಂಜೆ ಅಂಜಮ್ಮ ನನ್ನನ್ನು ದೊಡ್ಡ ಗಣಪತಿ ಗುಡಿಗೆ ಎಳೆದುಕೊಂಡು ಹೋದರು. ನನ್ನ ಹೆಸರಲ್ಲೇ ಅರ್ಚನೆ ಇರಬೇಕು ಅಂತ ನಾನು ಶರಟು ಸರಿಮಾಡಿಕೊಂಡೆ. ಅರ್ಚಕರು ಹೆಸರು ಕೇಳಿದರೆ ಅಂಜಮ್ಮ ಥೇಲ್ಸ್ ಅಂದರು. ಅರ್ಚಕರು ನನ್ನ ಮುಖ ನೋಡಿ, ಆಮೇಲೆ ಅವರನ್ನೇ ಗೋತ್ರ ಕೇಳಿದರು.

"ನಮ್ಮದೇ ಹೇಳಿ ಸ್ವಾಮಿ," ಅಂದರು ಅಂಜಮ್ಮ. "ನಮ್ಮ ಮನೆಗೆ ಬೇಕಾದೋರು."