ಚೌಡಯ್ಯನ ಬಲಗಾಲು

ಶೀಳನೆರೆಯ ಚೌಡಯ್ಯ ತನ್ನ ಬಲಗಾಲಿಗೆ ಬೈಯಲು ಶುರುಮಾಡಿ ಎಂಟು ತಿಂಗಳಾಗಿತ್ತು. ಅದೂ ಎಂಥ ಬೈಗುಳ! ಬೇಲಿ ಹಾರುವ ಎಮ್ಮೆಗೂ, ಕೆಟ್ಟು ನಿಂತ ಪಂಪ್‌ಸೆಟ್ಟಿಗೂ ಬೈಯದಷ್ಟನ್ನು ಆ ಬಡಪಾಯಿ ಕಾಲು ಬೈಸಿಕೊಂಡಿತ್ತು.

ವಿಷಯ ಇಷ್ಟೆ. ಚೌಡಯ್ಯನ ಹತ್ತಿರ ಇಪ್ಪತ್ತೆರಡು ವರ್ಷದ ಹಳೆಯದೊಂದು ಸಣ್ಣ ಲಾರಿ. ಹುಲ್ಲು, ಬೆಲ್ಲ, ಇಟ್ಟಿಗೆ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊತ್ತ ಲಾರಿ. ಇಷ್ಟು ವರ್ಷದಲ್ಲಿ ಅದರ ಸ್ಟೇರಿಂಗನ್ನು ಇನ್ನೊಬ್ಬ ಮುಟ್ಟಿಲ್ಲ. ತಟ್ಟೆಯಲ್ಲಿನ ಮುದ್ದೆಯನ್ನಾದರೂ ಮುರಿದು ಕೊಟ್ಟಾನು, ಸ್ಟೇರಿಂಗ್ ಬಿಟ್ಟುಕೊಡುವ ಆಸಾಮಿಯಲ್ಲ ಅವನು.

ಈಚೆಗೆ ಬ್ರೇಕ್ ಪೆಡಲ್ಲು ಗಟ್ಟಿಯಾಗುತ್ತಾ ಬಂದಿತ್ತು. ಹೆಬ್ಬೆರಳು ಊರಿದರೆ ಬಗ್ಗುತ್ತಿದ್ದದ್ದು ಮೊದಲು ಇಡೀ ಪಾದವನ್ನು ಕೇಳಿತು, ಆಮೇಲೆ ಸೊಂಟದ ಬಲವನ್ನೇ ಕೇಳಿತು. ಬೇರೆ ಯಾರೇ ಆಗಿದ್ದರೂ ಗಾಡಿಗೆ ಏನೋ ಆಗಿದೆ ಅನ್ನುತ್ತಿದ್ದರು. ಚೌಡಯ್ಯ ತನಗೇ ಏನೋ ಆಗಿದೆ ಅಂದುಕೊಂಡ. ಹತ್ತು ವರ್ಷದ ಹಿಂದೆ ಎತ್ತು ಒದ್ದು ಮೂಳೆ ಬಿರುಕು ಬಿಟ್ಟಿದ್ದ ಕಾಲು ಅದು; ವಯಸ್ಸೂ ಅರವತ್ತು ದಾಟಿತ್ತು. ಕಾಲಲ್ಲಿ ಕಸುವು ಮುಗಿಯಿತು ಎಂದು ತಾನೇ ತೀರ್ಪು ಕೊಟ್ಟುಕೊಂಡು, ಅದನ್ನು ಯಾರಿಗೂ ಹೇಳದೆ ನುಂಗಿಕೊಂಡ. ಗಾಡಿಯನ್ನು ಇನ್ನೊಬ್ಬ ಓಡಿಸಿದ್ದರೆ ತಾನೇ, ‘ಇದೇನಯ್ಯ ಪೆಡಲ್ಲು ಇಂಗದೆ’ ಎಂದು ಕೇಳುವುದು?

ಪಕ್ಕದಲ್ಲಿ ಕೂರುತ್ತಿದ್ದ ಹೆಂಡತಿ ಯಶೋದಮ್ಮನಿಗೆ ಇದೆಲ್ಲ ತಿಳಿಯದೆ ಇರುತ್ತದೆಯೇ? ಗಂಡ ಬ್ರೇಕ್ ಒತ್ತಿದಾಗಲೆಲ್ಲ ಅವಳೂ ತನ್ನ ಬಲಗಾಲಿನಿಂದ ಲಾರಿಯ ನೆಲವನ್ನು ಒತ್ತುತ್ತಿದ್ದಳು. ಒತ್ತಿ ಒತ್ತಿ ಅವಳ ಕಾಲ ಕೆಳಗಿನ ಮ್ಯಾಟು ಸವೆದು ತಗಡು ಕಾಣುತ್ತಿತ್ತು. ಸಂಜೆಯಾದರೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, ಏನೂ ಕೇಳದೆ, ಅವನ ಕಾಲು ನೀವುತ್ತಿದ್ದಳು. ಅವನೂ ಏನೂ ಹೇಳದೆ ಕಾಲು ಚಾಚುತ್ತಿದ್ದ.

ಹೀಗಿರುವಾಗ ಒಂದು ದಿನ ಮೇಲುಕೋಟೆಯಿಂದ ಹುಲ್ಲು ತುಂಬಿಕೊಂಡು ಇಳಿಜಾರು ಇಳಿಯುತ್ತಿದ್ದರು. ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಚೌಡಯ್ಯ ಎರಡೂ ಕಾಲು ಊರಿ, ಹ್ಯಾಂಡ್‌ಬ್ರೇಕ್ ಎಳೆದು, ಮನೆದೇವರನ್ನೆಲ್ಲ ಕೂಗಿ, ಬಸ್ಸಿಗೆ ಒಂದು ಗೇಣು ಇದೆ ಎನ್ನುವಾಗ ಲಾರಿ ನಿಲ್ಲಿಸಿದ. ಯಶೋದಮ್ಮ ಮನೆಗೆ ಬಂದಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

“ಸಾಕು ಬುಡು. ಗಾಡೀನ ಯಾರ್ಗಾರಾ ಕೊಟ್ಬುಡು. ನಂಗೆ ಗಾಡಿ ಬ್ಯಾಡ, ನೀನ್ ಬೇಕು.”

ಇಷ್ಟು ಹೇಳಿದ ಮೇಲೆ ಗಂಡಸು ಏನು ಮಾಡಬೇಕು ಹೇಳಿ. ಚೌಡಯ್ಯ ಒಪ್ಪಿದ.

ಬಿಂಡಿಗನವಿಲೆಯ ಸಿದ್ದರಾಜು ಕುರಿ ವ್ಯಾಪಾರದವನು, ನಲವತ್ತರ ಗಟ್ಟಿ ಆಳು. ಸಂತೆಗೆ ಕುರಿ ಸಾಗಿಸಲು ಅವನಿಗೊಂದು ಗಾಡಿ ಬೇಕಿತ್ತು. ಬಂದು ನೋಡಿದ. ಆಗಲೂ ಚೌಡಯ್ಯ ಸ್ಟೇರಿಂಗ್ ಕೊಡಲಿಲ್ಲ. ತಾನೇ ಕೂರಿಸಿಕೊಂಡು ಊರು ಸುತ್ತಿಸಿದ. ಅವನು ಧಡ್ ಧಡ್ ಎಂದು ಪೆಡಲ್ ತುಳಿಯುವುದನ್ನು ಸಿದ್ದರಾಜು ಹುಬ್ಬೇರಿಸಿ ನೋಡಿದಾಗ, ಕಾಲಿನ ಮಾನ ಕಾಪಾಡಲು ಒಂದು ಸುಳ್ಳು ಬಿಟ್ಟ.

“ಈ ಗಾಡಿ ಬ್ರೇಕು ಮುಟ್ಟೋದಲ್ಲ ಕಣ್ಲಾ, ಒದೆಯೋದು. ಹಳೇ ಗಾಡಿ ಅಂದ್ರೆ ಅಂಗೇಯ.”

“ಒದ್ರಾಯ್ತು ಬುಡಣ್ಣ” ಎಂದ ಸಿದ್ದರಾಜು.

ಚೌಡಯ್ಯನ ಮನೆತನದಲ್ಲಿ ಎತ್ತು ಕೊಡಲಿ, ಗಾಡಿ ಕೊಡಲಿ, ಗಂಡ ಹೆಂಡತಿ ಇಬ್ಬರೂ ನಿಂತು ಎಲೆ ಅಡಿಕೆ ಕೊಡುವುದು ಪದ್ಧತಿ. ಕೊಟ್ಟಾದ ಮೇಲೆ ಕೊಟ್ಟವನು ಹಿಂದಕ್ಕೆ ಕೇಳುವಂತಿಲ್ಲ. ಇಸಿದುಕೊಂಡವನು ತಾನಾಗಿ ಎಲೆ ವಾಪಸು ಕೊಟ್ಟರಷ್ಟೇ ಮಾತು ಬಿಚ್ಚುವುದು. ಯಶೋದಮ್ಮ ತಟ್ಟೆ ಹಿಡಿದಳು, ಚೌಡಯ್ಯ ಕೈ ಮುಟ್ಟಿಸಿದ, ಸಿದ್ದರಾಜು ತೆಗೆದುಕೊಂಡ. ಸೋಮವಾರ ಬಿಂಡಿಗನವಿಲೆಯಲ್ಲಿ ಕೀ ಒಪ್ಪಿಸಿ ದುಡ್ಡು ಎಣಿಸಿಕೊಳ್ಳುವುದೆಂದಾಯಿತು.

ಗುರುವಾರ ಚೌಡಯ್ಯ ಲಾರಿಯನ್ನು ಕೆ.ಆರ್. ಪೇಟೆಯ ನಾಗರಾಜನ ಗ್ಯಾರೇಜಿಗೆ ತಂದ. ಕೊಡುವ ಮುನ್ನ ಗ್ರೀಸು ಗೀಸು ಬಳಿಸೋಣ, ಮಗಳನ್ನು ಕಳಿಸುವಾಗ ತಲೆ ಬಾಚಿ ಕಳಿಸುವುದಿಲ್ಲವೇ, ಹಾಗೆ. ನಾಗರಾಜ ಕಮ್ಮಾರರ ಮನೆಯವನು, ಚೌಡಯ್ಯನ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಟು ತಿಂದವನು. ಅಪ್ಪನ ಕುಲುಮೆ ಆರಿ ಗ್ಯಾರೇಜಾದರೂ ಅಪ್ಪ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು ಮಾತ್ರ ಬಾಗಿಲಲ್ಲೇ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಲಾರಿಯನ್ನು ಒಳಗೆ ಬಿಡುವಾಗ ಚೌಡಯ್ಯ ಬ್ರೇಕ್ ಒದ್ದ. ನಾಗರಾಜ ಕಿವಿ ನಿಗುರಿಸಿದ.

“ಲೇ ಚೌಡ, ಇನ್ನೊಂದ್ ಸಲ ಒತ್ತು. ಅದೇನ್ಲಾ ಒಳಗೆ ಬುಸ್ ಅಂತದೆ?”

“ಬುಸ್ಸೂ ಇಲ್ಲ, ಗಿಸ್ಸೂ ಇಲ್ಲ. ನೀನು ಗ್ರೀಸ್ ಬಳಿ.”

“ಮುಚ್ಚು ಬಾಯಿ. ಇಂಜಿನ್ ಆಫ್ ಮಾಡು. ಆರು ಸಲ ಪೆಡಲ್ ಒತ್ತು. ಒತ್ತಿ ಅಂಗೇ ಇಡ್ಕೊ. ಈಗ ಸ್ಟಾರ್ಟ್ ಮಾಡು. ಪೆಡಲ್ ತಾನೇ ವಸಿ ಕೆಳಕ್ಕೋಯ್ತಾ?”

“ಎಲ್ಲಿಗೋದದು? ಚಪ್ಪಡಿ ಕಲ್ಲಿದ್ದಂಗದೆ.”

“ಓಗ್ಬೇಕಿತ್ತು ಕಣ್ಲಾ” ಎಂದ ನಾಗರಾಜ ಬಾನೆಟ್ ಎತ್ತಿದ. ಗಾಳಿ ಎಳೆಯುವ ಪೈಪನ್ನು ಬಿಚ್ಚಿ ಅದರ ಬಾಯಿಗೆ ಬೆರಳಿಟ್ಟ. ಬೆರಳನ್ನು ಕರುವಿನಂತೆ ಚೀಪಿತು. ಪೈಪು ಸರಿಯಿತ್ತು. ಹಾಗಾದರೆ ಕೆಟ್ಟಿದ್ದು ಬೂಸ್ಟರು: ಎರಡು ತಟ್ಟೆಗಳನ್ನು ಬಾಯಿಗೆ ಬಾಯಿ ಸೇರಿಸಿದಂತೆ ಪೆಡಲ್ಲಿನ ಹಿಂದೆ ಕೂತು, ಕಾಲಿನ ಬಲಕ್ಕೆ ತನ್ನ ಬಲ ಕೂಡಿಸುವ ಡಬ್ಬ. ನಾಗರಾಜ ಅದನ್ನು ಬಿಚ್ಚಿ ಅಲುಗಾಡಿಸಿದ. ಒಳಗೆ ಬ್ರೇಕ್ ಆಯಿಲ್ಲು ಗುಳುಗುಳು ಎಂದಿತು. ಪಕ್ಕದ ಸಿಲಿಂಡರಿನಿಂದ ಸೋರಿದ ಆಯಿಲ್ಲು ಒಳಗಿನ ರಬ್ಬರನ್ನು ತಿಂದು ಹರಿದು ಹಾಕಿತ್ತು.

“ಎಸ್ಟ್ ದಿನದಿಂದ ಇಂಗದೆ?”

ಚೌಡಯ್ಯ ತಲೆ ತಗ್ಗಿಸಿದ. ಎಂಟು ತಿಂಗಳು ನುಂಗಿಕೊಂಡಿದ್ದನ್ನು ಅಲ್ಲೇ ಕಕ್ಕಿದ: ಕಾಲು, ಎತ್ತಿನ ಒದೆ, ಹರಳೆಣ್ಣೆ, ಮೇಲುಕೋಟೆ, ಎಲೆ ಅಡಿಕೆ. ಕೇಳುತ್ತಾ ಕೇಳುತ್ತಾ ನಾಗರಾಜನ ಮುಖ ಕೆಂಪಾಯಿತು.

“ಥೂ ನಿನ್ನ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕುದ್ರಂತೆ. ಕಾಲಿಗೆ ಏನೂ ಆಗಿಲ್ಲ ಕಣೋ! ಬೂಸ್ಟರ್ ಸತ್ತಿರೋ ಗಾಡೀನ ಎಂಟು ತಿಂಗ್ಳು ಬರೀ ಕಾಲಲ್ಲಿ ನಿಲ್ಸಿದ್ದೀಯಲ್ಲ, ನಿನ್ ಕಾಲು ಕಾಲಲ್ಲ, ಕಂಬ!”

ಚೌಡಯ್ಯ ಹಿಂದುಮುಂದು ನೋಡದೆ ಕೈಗೆ ಸಿಕ್ಕಿದ್ದರ ಮೇಲೆ ಕೂರಲು ಹೋದ.

“ಲೇ ಲೇ, ಅಡಿಗಲ್ಲ ಮೇಲ್ ಕುಂತ್ಕಬ್ಯಾಡ, ದೇವ್ರು ಅದು!”

ಚೌಡಯ್ಯ ನೆಲದ ಮೇಲೆ ಕೂತ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಂಥ ಸಂತೋಷ ಬಂತು ಅವನಿಗೆ! ಬಂದ ಬೆನ್ನಿಗೇ ಸೋಮವಾರ ನೆನಪಾಯಿತು.

“ಸಿದ್ದರಾಜಂಗೆ ಇರೋ ವಿಷ್ಯ ಯೋಳ್ಬುಡು” ಎಂದ ನಾಗರಾಜ.

“ಎಂಗ್ಲಾ ಯೋಳದು ಆಚಾರಿ? ಎಲೆ ಕೊಟ್ಟಾಗದೆ. ಈಗ ಯೋಳುದ್ರೆ ಗಾಡಿ ವಾಪಸ್ ಕೇಳ್ದಂಗಾಯ್ತದೆ. ಕೊಟ್ಟೋನು ಬಾಯ್ಬುಡಂಗಿಲ್ಲ.”

“ಅಂಗಾರೆ ಬೂಸ್ಟರು?”

“ಆಕು. ಇಂಥ ಬ್ರೇಕ್ ಮಡೀಕಂಡು ಇನ್ನೊಬ್ಬನ ಮಗನ ಕೈಗೆ ಗಾಡಿ ಕೊಡ್ಲಾ?”

ಹಳೆಯ ಗಾಡಿಯ ಸಾಮಾನು ಬೇಗ ಸಿಗುತ್ತದೆಯೇ? ಪಾಂಡವಪುರದಲ್ಲಿ ಇಲ್ಲ, ನಾಗಮಂಗಲದಲ್ಲಿ ಇಲ್ಲ. ಕೊನೆಗೆ ಶ್ರೀರಂಗಪಟ್ಟಣದ ಅಂಗಡಿಯೊಂದರಲ್ಲಿ ಸಿಕ್ಕಿ, ಶನಿವಾರ ಬಸ್ಸಿನಲ್ಲಿ ಬಂತು. ನಾಗರಾಜ ಸಿಲಿಂಡರನ್ನು ಒತ್ತುವ ಕಬ್ಬಿಣದ ಕಡ್ಡಿಗೆ, ಹಳೆಯದಕ್ಕೂ ಹೊಸದಕ್ಕೂ, ಪರಕೆಕಡ್ಡಿ ಹಿಡಿದು ಅಳೆದ. ಹೊಸದು ಒಂದು ಅಕ್ಕಿಕಾಳಿನಷ್ಟು ಉದ್ದ. ಹಾಗೇ ಕೂರಿಸಿದರೆ ಬ್ರೇಕು ಹಿಡಿದೇ ಇರುತ್ತದೆ, ಡ್ರಮ್ಮು ಕಾದು ಹೊಗೆಯಾಡುತ್ತದೆ. ಕಡ್ಡಿಯ ತುದಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಅಳೆದು, ಮತ್ತೆ ತಿರುಗಿಸಿ, ಅಂತೂ ಮನಸ್ಸಿಗೆ ಒಪ್ಪಿದ ಮೇಲೆ ಬಿಗಿದ. ಸಿಲಿಂಡರನ್ನೂ ಹೊಸದು ಹಾಕಿದ. ಆಮೇಲೆ ಬ್ರೇಕ್ ಆಯಿಲ್ಲಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವ ಕೆಲಸ: ಚೌಡಯ್ಯ ಮೇಲೆ, ನಾಗರಾಜ ಗಾಡಿಯ ಕೆಳಗೆ.

“ಒತ್ತು. ಇಡ್ಕೊ. ಬುಡು. ಒತ್ತು.”

ಅರ್ಧ ಗಂಟೆ ಒತ್ತಿಸಿದ. ಕೊನೆಗೆ ಕೆಳಗಿನಿಂದಲೇ ಕೇಳಿದ:

“ಕಾಲ್ ನೋಯ್ತದಾ?”

“ಇಲ್ಲ.”

“ಮತ್ತೆ! ಮುಂಡೇದೆ!”

ಸೋಮವಾರ ಯಶೋದಮ್ಮ ವಾಪಸು ಬಸ್ಸಿಗೆಂದು ರೊಟ್ಟಿ ಗಂಟು ಕಟ್ಟಿಕೊಟ್ಟಳು. ಬೂಸ್ಟರಿನ ಕಥೆ ಕೇಳಿದಾಗಿನಿಂದ ಅವಳು ಅಪರಾಧಿಯಂತೆ ಓಡಾಡುತ್ತಿದ್ದಳು. “ನಾನೇ ಮಾರ್ಸ್‌ಬುಟ್ಟೆ” ಎಂದು ಒಂದೇ ಸಮನೆ ಹೇಳುತ್ತಿದ್ದಳು. “ನನ್ ಜೀವ ಉಳೀಲಿ ಅಂತ ತಾನೇ ಯೋಳಿದ್ದು ನೀನು, ಸುಮ್ಕಿರು” ಎಂದು ಚೌಡಯ್ಯ ಲಾರಿ ಹತ್ತಿದ.

ಏನೋ ಕೆಲಸಕ್ಕೆ ಕೆ.ಆರ್. ಪೇಟೆಗೆ ಬಂದು ಕಾಯುತ್ತಿದ್ದ ಸಿದ್ದರಾಜು ಪಕ್ಕಕ್ಕೆ ಹತ್ತಿ ಕೂತ. ದಾರಿಯಲ್ಲಿ ಚೌಡಯ್ಯ ರಸ್ತೆಯುಬ್ಬು ಬಂದಾಗಲೆಲ್ಲ ಹೆಬ್ಬೆರಳು ಊರಿದ; ಲಾರಿ ಹೇಳಿದ ಮಾತು ಕೇಳುವ ಎತ್ತಿನಂತೆ ನಿಧಾನಿಸಿತು. ಮೊದಲ ಉಬ್ಬಿಗೆ ಅವನ ಮುಖ ಅರಳಿತು. ನಾಲ್ಕನೆಯದಕ್ಕೆ ಕಣ್ಣು ತುಂಬಿತು. ಟವೆಲ್ಲಿನಲ್ಲಿ ಒರೆಸಿಕೊಂಡು “ಧೂಳು” ಎಂದ. ಗಾಜು ಮುಚ್ಚಿತ್ತು. ಸಿದ್ದರಾಜು ಅವನ ಮುಖ ನೋಡಿದ, ಗಾಜು ನೋಡಿದ.

ಬಿಂಡಿಗನವಿಲೆಯಲ್ಲಿ ಕುರಿದೊಡ್ಡಿಯ ಮುಂದೆ ಚೌಡಯ್ಯ ಇಳಿದು, ಎರಡೂ ಕೈಯಲ್ಲಿ ಕೀ ಕೊಟ್ಟ. ಜಗಲಿಯ ಮೇಲೆ ಸಿದ್ದರಾಜುವಿನ ತಾಯಿ ಚಿಕ್ಕಬೋರಮ್ಮ ಎಲೆಚೀಲ ಬಿಚ್ಚಿಕೊಂಡು ಕೂತಿದ್ದಳು. ಸಿದ್ದರಾಜು ಸ್ಟೇರಿಂಗ್ ಹಿಡಿದು ಹತ್ತು ಮಾರು ಮುಂದೆ ಹೋದ. ಆಮೇಲೆ ಪಾಠ ಹೇಳಿಕೊಟ್ಟಿದ್ದಂತೆಯೇ ಬ್ರೇಕ್ ಒದ್ದ. ಲಾರಿ ಇದ್ದಲ್ಲೇ ನಿಂತಿತು. ಸಿದ್ದರಾಜು ನಿಲ್ಲಲಿಲ್ಲ, ಹಣೆ ಹೋಗಿ ಗಾಜಿಗೆ ಡಬ್ ಎಂದು ಬಡಿಯಿತು. ದೊಡ್ಡಿಯ ಕುರಿಗಳು ಬೆದರಿ ಮೂಲೆಗೆ ಓಡಿದವು.

“ಅಯ್ಯೋ ನನ್ ಮಗನೇ!” ಎಂದು ಚಿಕ್ಕಬೋರಮ್ಮ ಎದ್ದು ನಿಂತಳು. ಚೌಡಯ್ಯ ಓಡಿದ.

ಸಿದ್ದರಾಜು ಹಣೆ ಉಜ್ಜಿಕೊಳ್ಳುತ್ತಾ ಇಳಿದ. “ಏನಣ್ಣ ಇದು? ಒದೀಬೇಕು ಅಂದಿದ್ದೆ?”

ಬಾಯಿ ಬಿಡುವಂತಿರಲಿಲ್ಲ, ಆದರೆ ಕೇಳಿದ ಮೇಲೆ ಸುಳ್ಳು ಹೇಳುವಂತೆಯೂ ಇರಲಿಲ್ಲ. “ಬೂಸ್ಟರ್ ಓಗಿತ್ತು ಕಣಪ್ಪ. ನಾನು ನನ್ ಕಾಲೇ ಓಯ್ತು ಅಂದ್ಕಂಡಿದ್ದೆ. ಈಗ ಸರಿ ಮಾಡ್ಸಿವ್ನಿ, ಇನ್ಮೇಲೆ ಒದೀಬ್ಯಾಡ, ಮುಟ್ಟುದ್ರೆ ಸಾಕು.”

“ಅದುಕ್ಕೇ ಮಾರಿದ್ದಾ?”

ಚೌಡಯ್ಯ ಲಾರಿಯ ಬಾಗಿಲಿಗೆ ಅಂಟಿದ್ದ ಧೂಳನ್ನು ಅಂಗೈಯಲ್ಲಿ ಒರೆಸಿದ.

ಸಿದ್ದರಾಜು ಆ ಅಂಗೈಯನ್ನು ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂದವನಂತೆ ದನಿ ಏರಿಸಿದ. “ಇದ್ ಒಪ್ಪಕ್ಕಾಗಲ್ಲ ಚೌಡಣ್ಣ! ನಾನು ಎಲೆ ಇಸ್ಕಂಡಿದ್ದು ಒದ್ರೆ ನಿಲ್ಲೋ ಗಾಡೀಗೆ. ಇದು ಮುಟ್ಟುದ್ರೆ ನಿಲ್ತದೆ. ನೀನ್ ಬ್ಯಾರೆ ಗಾಡಿ ತಂದಿದೀಯ! ಅವ್ವಾ, ಎರಡು ಎಲೆ ಒಂದು ಅಡಿಕೆ ಕೊಡಿಲ್ಲಿ!”

ಚಿಕ್ಕಬೋರಮ್ಮ ನಗುತ್ತಾ ಕೊಟ್ಟಳು. ಸಿದ್ದರಾಜು ಅದನ್ನು ಕೀಯ ಜೊತೆ ಚೌಡಯ್ಯನ ಕೈಗಿಟ್ಟು ಬೆರಳು ಮಡಚಿದ. “ತಗೋ. ವಾರಕ್ಕೊಂದ್ ದಿನ ನನ್ ಕುರಿ ನೀನೇ ಸಂತೆಗೆ ಓಡ್ಸ್‌ಬೇಕು, ಅಸ್ಟೆ. ನನ್ ಹಣೆ ಇನ್ನೊಂದ್ ಏಟ್ ತಡೆಯಾಕಿಲ್ಲ.”

ಚೌಡಯ್ಯ ನಲವತ್ತರ ಆ ಗಟ್ಟಿ ಆಳನ್ನು ಮಗುವಿನಂತೆ ತಬ್ಬಿಕೊಂಡು ಅತ್ತೇಬಿಟ್ಟ.

ಸಂಜೆ ಶೀಳನೆರೆಯಲ್ಲಿ ಯಶೋದಮ್ಮ ಬಸ್ಸಿನ ದಾರಿ ನೋಡುತ್ತಾ ರಸ್ತೆಗೆ ಬಂದು ನಿಂತಿದ್ದಳು. ಬಂದದ್ದು ಲಾರಿ. ಅವಳ ಮುಂದೆ ಅದು ಸದ್ದಿಲ್ಲದೆ ನಿಂತಿತು. ಚೌಡಯ್ಯ ಕೈ ಚಾಚಿ ಬಾಡಿದ ಎರಡೆಲೆ ತೋರಿಸಿದ. ಅವಳು ಏನೂ ಕೇಳದೆ ಹತ್ತಿ ಕೂತಳು.

“ಕೆರೆ ಏರಿ ಇಳಿಜಾರ್‌ಗೆ ಓಗು. ನೋಡ್ಬೇಕು.”

ಏರಿಯಿಂದ ಇಳಿಯುವಾಗ ಅವಳ ಬಲಗಾಲು ತಾನಾಗಿ ಸವೆದ ಮ್ಯಾಟಿನ ಮೇಲೆ ಊರಿತು. ಚೌಡಯ್ಯ ಹೆಬ್ಬೆರಳು ಮುಟ್ಟಿಸಿದ. ಇಳಿಜಾರಿನ ನಟ್ಟನಡುವೆ ಲಾರಿ ಮೆಲ್ಲಗೆ ನಿಂತಿತು.

ಯಶೋದಮ್ಮ ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆತ್ತಿ, ಚಕ್ಕಂಬಕ್ಕಳ ಹಾಕಿಕೊಂಡು ಕೂತಳು.

“ಊಂ” ಎಂದಳು. “ಈಗ ಓಡ್ಸು.”