ಪುಟ್ಟಮಾದಮ್ಮ ಬತ್ತಿಸಿದ ಹಾಲು

ಒಂಟಿಕೊಪ್ಪಲಿನ ಪುಟ್ಟಮಾದಮ್ಮನಿಗೆ ಮೊಮ್ಮಗಳು ಹುಟ್ಟಿ ಹದಿನೈದು ದಿನವಾಗಿತ್ತು. ಮಗುವಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಶಾಂತಾದೇವಿ ಬಾಟಲಿ ಕಂಡು, "ಯಾಕೆ, ಎದೆಹಾಲು ಕೊಡ್ತಿಲ್ವಾ?" ಎಂದರು.

ಸೊಸೆ ಪವಿತ್ರ ತಲೆ ತಗ್ಗಿಸಿದಳು. ಪುಟ್ಟಮಾದಮ್ಮ ಸಿಡುಕಿದಳು: "ಎಂಗೆ ಕೊಟ್ಟಾಳು? ಎದೆಯೊಳಗೆ ಸಿಲಿಕಾನ್ ಚೀಲ ಮಡಗಿಸ್ಕೊಂಡವ್ಳೆ! ಹೆರಿಗೆ ಆದ್ಮೇಲೆ ಗೊತ್ತಾಯ್ತು. ಆ ವಿಷ ನನ್ನ ಕೂಸಿಗೆ ಬ್ಯಾಡ ಅಂತ ಐದು ದಿನ ಮಲ್ಲಿಗೆ ಕಟ್ಟಿ ಬತ್ತಿಸ್ಬುಟ್ಟೆ."

ಹಾಲು ನಿಲ್ಲಲೆಂದು ಎದೆಗೆ ಮಲ್ಲಿಗೆ ಕಟ್ಟುವುದು ಅವಳ ಕಡೆಯ ರೂಢಿ. ಕೂಸು ಕಳೆದುಕೊಂಡ ಬಾಣಂತಿಗೆ ಮಾಡುವುದನ್ನು ಕೂಸಿರುವ ಬಾಣಂತಿಗೆ ಮಾಡಿದ್ದಳು ಮುದುಕಿ!

"ಏನ್ ಕೆಲ್ಸ ಮಾಡ್ಬುಟ್ರಿ ಕಣಮ್ಮ! ಡಾಕ್ಟ್ರನ್ನ ಒಂದ್ಮಾತು ಕೇಳ್ಬಾರ್ದಿತ್ತಾ?" ಎಂದರು ಶಾಂತಾದೇವಿ.

"ಕೇಳೋದೇನು? ಹಾಲಿಗೆ ಬೆರೆಯಾಕಿಲ್ವಾ?"

"ಆ ಚೀಲ ಇರೋದು ಹಾಲಿನ ಗ್ರಂಥಿ ಹಿಂದೆ. ಅದ್ರಿಂದ ಮಗುಗೆ ಕೆಡುಕಾಗಿದ್ದು ಕಂಡುಬಂದಿಲ್ಲ ಅಂತಾರೆ ಡಾಕ್ಟ್ರು. ಇಂಥ ಆಪರೇಷನ್ ಆದ ಎಷ್ಟೋ ಜನ ಹಾಲೂಡಿಸ್ತಾರೆ. ಕೆಲವರಿಗೆ ಹಾಲು ಕಮ್ಮಿಯಾಗುತ್ತೆ. ಆಗ ಕಮ್ಮಿ ಬಿದ್ದಷ್ಟು ಮಾತ್ರ ಬೇರೆ ಹಾಲು ಕೊಡ್ಬೇಕು. ಇರೋದನ್ನೂ ಬತ್ತಿಸ್ತಾರಾ?"

ಪವಿತ್ರ ಅಳುತ್ತ ಬಾಯಿ ಬಿಟ್ಟಳು. "ಒಂದು ಎದೆ ಬೆಳೀಲೇ ಇಲ್ಲ ಅಂತ ಮದ್ವೆಗೆ ಮುಂಚೆ ಮಾಡಿಸಿದ್ದು ಅಕ್ಕ. ಇನ್ನೊಂದಕ್ಕೆ ಕತ್ತೀನೇ ತಾಗಿಲ್ಲ. ಅದ್ರಲ್ಲಿ ಹಾಲು ಸೋರಿ ರವಿಕೆ ನೆನೀತಿತ್ತು. ನಾಚಿಕೆಗೆ ಸುಮ್ಮನಿದ್ದೆ."

"ಒಂದೇನಾ?" ಎಂದಳು ಪುಟ್ಟಮಾದಮ್ಮ. ಅವಳು ಎರಡಕ್ಕೂ ಕಟ್ಟಿದ್ದಳು.

ಅಂದೇ ಆಸ್ಪತ್ರೆಗೆ ಹೋದರು. ಬಾಟಲಿ ಒಮ್ಮೆಲೇ ನಿಲ್ಲಿಸದೆ, ಎರಡು ಮೂರು ಗಂಟೆಗೊಮ್ಮೆ ಎದೆಗೆ ಹಾಕಿ ನೋಡಿ ಎಂದರು ಡಾಕ್ಟರು. ಪುಟ್ಟಮಾದಮ್ಮ ತಾನೇ ಕೂಸನ್ನು ಎತ್ತಿ ಕೊಟ್ಟಳು. ಬಾಟಲಿಗೆ ಒಗ್ಗಿದ ಕೂಸು ಮುಖ ತಿರುಗಿಸಿ ಚೀರಿತು. ವಾರ ಕಳೆದ ಮೇಲೆ ಬಾಯಿ ಹಾಕಿತು. ಹಾಲು ಬಂತು, ಹೊಟ್ಟೆ ತುಂಬುವಷ್ಟು ಬರಲೇ ಇಲ್ಲ.

"ಕೂಸಿನ ಬಾಯಿಂದ ನಾನೇ ಕಿತ್ಕೊಂಡೆ ಕಣವ್ವ," ಎಂದಳು ಪುಟ್ಟಮಾದಮ್ಮ. ಪವಿತ್ರ ಇಲ್ಲವೆನ್ನಲಿಲ್ಲ. ಹೇಗೆ ತಾನೇ ಅಂದಾಳು?

ತಾಯಂದಿರೇ, ಎದೆಯ ಆಪರೇಷನ್ ಆಗಿದ್ದರೆ ಬಸುರಿಯಾಗಿದ್ದಾಗಲೇ ಡಾಕ್ಟರಿಗೆ ಹೇಳಿ. ನಾಚಿಕೆಯಿಂದ ಮಗುವಿನ ಹೊಟ್ಟೆ ತುಂಬುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ತಪ್ಪದೆ ತೂಕ ನೋಡಿಸಿ. ಅತ್ತೆಯರೇ, ಗೊತ್ತಿಲ್ಲದ್ದನ್ನು ಕೇಳಿದರೆ ನಿಮ್ಮ ದೊಡ್ಡತನ ಕರಗಿಹೋಗುವುದಿಲ್ಲ. ಮೊದಲು ಕೇಳಿ. ಆಮೇಲೆ ಕೈ ಹಾಕಿ.